ಮಂಗ್ಯಾ ಬ್ಯಾರೆ, ಮುಸ್ಯಾ ಬ್ಯಾರೆ: ಆದದ್ದು ಹೆಂಗ?

ಹಿಂಗಾರಿ ಕಡಲೆ ಕಾಯಿ ಕಟ್ಟುವ ಹೊತ್ತಿಗೆ ರೋಣ ಸೀಮೆಯ ಜಕ್ಕಲಿ ಸುತ್ತಿನ ಎರೆಹೊಲಗಳಲ್ಲಿ ರೈತರಿಗೆ ಹಗಲು ಕಾವಲು ಶುರುವಾಗುತ್ತದೆ. ಕಾಯುವುದು ಎರಡು ಥರದ ವಾನರಗಳಿಂದ. ಮಂಗ್ಯಾ ಬಂದರೆ ನೆಲಕ್ಕಿಳಿದು, ಗಿಡಕ್ಕೆ ಕೈ ಹಾಕಿ, ಹಸಿಕಾಯಿ ಸರಸರ ಕಿತ್ತು ಬಾಯಿಗೆ ತುರುಕುತ್ತದೆ. ನುಂಗುವುದಿಲ್ಲ. ಎರಡೂ ಗಲ್ಲ ಉಬ್ಬುವವರೆಗೆ ತುಂಬಿಕೊಂಡು ಬದುವಿನ ಬೇವಿನ ಮರಕ್ಕೆ ಓಡಿ, ಅಲ್ಲಿ ಕೂತು, ಮುಂಗೈಯಿಂದ ಗಲ್ಲವನ್ನು ಹೊರಗಿನಿಂದ ಒತ್ತಿ ಒತ್ತಿ ಒಂದೊಂದೇ ಕಾಳನ್ನು ಹಲ್ಲಿನ ಕೆಳಗೆ ತಂದುಕೊಳ್ಳುತ್ತದೆ. ಮುಸ್ಯಾನಿಗೆ ಈ ಗಲ್ಲದ ಚೀಲವೇ ಇಲ್ಲ. ಅದು ಕರಿಮುಖ ಹೊತ್ತು ಹುಣಸಿ ಮರದ ತುದಿಯಲ್ಲಿ ಉದ್ದ ಬಾಲ ಇಳಿಬಿಟ್ಟು ಕೂತು ಚಿಗುರು, ಹೂವು, ಹೀಚು ಮೇಯುತ್ತದೆ. ಹಸಿವು ಹೆಚ್ಚಾದರೆ ಹೊಲಕ್ಕೂ ಇಳಿಯುತ್ತದೆ, ಆದರೆ ಕಿತ್ತದ್ದನ್ನು ಅಲ್ಲೇ ಅಗಿದು ನುಂಗಬೇಕು.

ಪುಸ್ತಕದವರು ಮಂಗ್ಯಾನನ್ನು ಬಾನೆಟ್ ಮಕಾಕ್ ಎನ್ನುತ್ತಾರೆ. ನಡುನೆತ್ತಿಯಿಂದ ಸುತ್ತ ಹರಡಿದ ಕೂದಲು ಟೋಪಿ ಇಟ್ಟಂತೆ ಕಾಣುವುದರಿಂದ ಆ ಹೆಸರು. ಮುಸ್ಯಾ ಅಂದರೆ ಹನುಮಾನ್ ಲಂಗೂರ್, ದಕ್ಷಿಣದವರ ಬಾಯಲ್ಲಿ ಮುಸುವ. ರೋಣ, ಗಜೇಂದ್ರಗಡ, ನರಗುಂದದ ಸೀಮೆಯಲ್ಲಿ ಇವೆರಡೂ ಒಂದೇ ಊರಿನ ಮಾಳಿಗೆ ಹತ್ತುತ್ತವೆ, ಒಂದೇ ಗುಡಿಯ ತೆಂಗಿನ ಹೋಳಿಗೆ ಕೈಚಾಚುತ್ತವೆ. ಆದರೂ ಇವೆರಡೂ ಕೂಡಿ ಹುಟ್ಟಿದ ಮರಿಯನ್ನು ಕಂಡೆ ಎನ್ನುವವರು ಊರಲ್ಲಿ ಸಿಗುವುದಿಲ್ಲ. ಯಾಕೆ?

ಇವೆರಡರ ಸಂಬಂಧ ಅಷ್ಟು ಹಳೆಯದಾಗಿ ಹರಿದುಹೋಗಿದೆ. ಎರಡಕ್ಕೂ ಒಬ್ಬನೇ ಮೂಲಪುರುಷ ಇದ್ದದ್ದು ಒಂದೂವರೆ ಕೋಟಿ ವರ್ಷಕ್ಕೂ ಹಿಂದೆ. ಆಮೇಲೆ ಒಂದು ಕವಲು ಕಾಳು, ಹಣ್ಣು, ಹುಳ ಅಂತ ಸಿಕ್ಕಿದ್ದನ್ನೆಲ್ಲ ತಿಂದು ಬದುಕಿತು. ಇನ್ನೊಂದು ಎಲೆ ನಂಬಿತು. ಎಲೆ ಜೀರ್ಣಿಸುವುದು ಸುಲಭದ ಕೆಲಸವಲ್ಲ. ಮುಸ್ಯಾನ ಹೊಟ್ಟೆ ದನದ ಹೊಟ್ಟೆಯಂತೆ ಕೋಣೆ ಕೋಣೆಯಾಗಿದೆ. ಮೊದಲ ಕೋಣೆಯಲ್ಲಿ ಬ್ಯಾಕ್ಟೀರಿಯಾಗಳು ಎಲೆಯನ್ನು ಹುಳಿಯಿಸುತ್ತವೆ, ಮುಂದಿನದರಲ್ಲಿ ಆ ಬ್ಯಾಕ್ಟೀರಿಯಾಗಳನ್ನೇ ಹೊಟ್ಟೆ ಅರಗಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಲೈಸೊಜೈಮ್ ಎಂಬ ಕಿಣ್ವ. ನಮ್ಮ ಕಣ್ಣೀರಿನಲ್ಲೂ ಎಂಜಲಿನಲ್ಲೂ ಅದು ಇದೆ, ಆದರೆ ಜಠರದ ಹುಳಿಯಲ್ಲಿ ಕೆಲಸ ಮಾಡಲು ಅದಕ್ಕೆ ಕೆಲವು ತಿದ್ದುಪಡಿ ಬೇಕು. 1987ರಲ್ಲಿ ಕ್ಯಾರೊ-ಬೆತ್ ಸ್ಟೀವರ್ಟ್, ಆಲನ್ ವಿಲ್ಸನ್ ಮತ್ತು ಸಂಗಡಿಗರು ಹನುಮಾನ್ ಲಂಗೂರಿನ ಲೈಸೊಜೈಮನ್ನು ಬಿಡಿಸಿ ನೋಡಿದಾಗ, ಹಸುವಿನ ಲೈಸೊಜೈಮಿನಲ್ಲಿ ಆಗಿದ್ದ ಕೆಲವು ಬದಲಾವಣೆಗಳೇ ಇಲ್ಲೂ ಸ್ವತಂತ್ರವಾಗಿ ಆಗಿರುವುದು ಕಂಡಿತು. ಹಸುವಿಗೂ ಮುಸ್ಯಾನಿಗೂ ಹತ್ತಿರದ ನೆಂಟಸ್ತಿಕೆ ಏನೂ ಇಲ್ಲ. ಒಂದೇ ಕಷ್ಟಕ್ಕೆ ಎರಡು ಮನೆಯವರು ಒಂದೇ ಉಪಾಯ ಕಂಡುಕೊಂಡಿದ್ದಾರೆ, ಅಷ್ಟೆ. ನಮ್ಮ ಹುಣಸಿ ಮರದ ಮೇಲೆ ಕೂತ ಪ್ರಾಣಿಯ ಹೊಟ್ಟೆಯಲ್ಲಿ ಜೀವವಿಕಾಸದ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಬರುವ ಉದಾಹರಣೆಯೊಂದು ಇದೆ ಅನ್ನುವುದು ನನಗಂತೂ ಹೆಮ್ಮೆಯ ವಿಷಯ.

ಹೊಟ್ಟೆಯಷ್ಟೇ ಅಲ್ಲ. ಮಂಗ್ಯಾನ ಜೀವಕೋಶದಲ್ಲಿ 42 ವರ್ಣತಂತುಗಳು, ಮುಸ್ಯಾನಲ್ಲಿ 44. ಇಷ್ಟಾದ ಮೇಲೆ ಇವೆರಡು ಪ್ರಭೇದಗಳು ಬೆರೆಯದಿರುವುದರಲ್ಲಿ ಸೋಜಿಗವಿಲ್ಲ. ಸೋಜಿಗ ಇರುವುದು ಮೊದಲ ಹೆಜ್ಜೆಯಲ್ಲಿ. ಒಂದೇ ಗುಂಪಾಗಿದ್ದದ್ದು ಎರಡಾಗಲು ಏನು ನಡೆಯಬೇಕು?

ಬಹಳ ಜನ ಕೊಡುವ ಉತ್ತರ: ಜೀನುಗಳಲ್ಲಿ ಬದಲಾವಣೆ ಕೂಡುತ್ತಾ ಹೋಗುತ್ತದೆ, ಒಂದು ಮಟ್ಟ ದಾಟಿದಾಗ ಹೊಸ ಪ್ರಭೇದವಾಗುತ್ತದೆ. ಇದು ಅರ್ಧ ಸರಿ. ತಪ್ಪಿರುವ ಅರ್ಧವೇ ಮುಖ್ಯವಾದದ್ದು.

ಬದಲಾವಣೆ ಅಂದರೆ ಏನು ಎಂದು ಮೊದಲು ನೋಡೋಣ. ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದದ ಬರಹ. ಮನುಷ್ಯನಲ್ಲಿ ತಾಯಿಯಿಂದ ಬಂದ ಪ್ರತಿ ಒಂದು, ತಂದೆಯಿಂದ ಬಂದದ್ದೊಂದು, ಒಂದೊಂದರಲ್ಲಿ ಸುಮಾರು 300 ಕೋಟಿ ಅಕ್ಷರ. ವೀರ್ಯಾಣು, ಅಂಡಾಣು ತಯಾರಾಗುವಾಗ ಈ ಬರಹದ ನಕಲು ನಡೆಯುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಹುಟ್ಟುವ ಪ್ರತಿ ಮಗುವಿನಲ್ಲೂ ತಂದೆತಾಯಿ ಇಬ್ಬರಲ್ಲೂ ಇಲ್ಲದ 60–70 ಹೊಸ ತಪ್ಪುಗಳು ಇರುತ್ತವೆ. ಹೆಚ್ಚಿನವು ತಂದೆಯ ಕಡೆಯಿಂದಲೇ ಬಂದವು, ತಂದೆಗೆ ವಯಸ್ಸಾದಷ್ಟೂ ಹೆಚ್ಚು. ಮಂಗ್ಯಾನ ಉತ್ತರದ ನೆಂಟ ರೀಸಸ್ ಮಂಗಗಳಲ್ಲಿ ಅಳೆದು ನೋಡಿದರೆ ಒಂದು ತಲೆಮಾರಿಗೆ ಇದರ ಅರ್ಧದಷ್ಟು. ಅವು ಎಳೆ ವಯಸ್ಸಿಗೇ ಮರಿ ಹಾಕುವುದು ಅದಕ್ಕೆ ಒಂದು ಕಾರಣ. ಈ ತಪ್ಪುಗಳಲ್ಲಿ ಬಹುಪಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೆಲವು ಕೇಡು ಮಾಡುತ್ತವೆ, ಮೇಲೇಳದೆ ಅಳಿಸಿಹೋಗುತ್ತವೆ. ಎಲ್ಲೋ ಅಪರೂಪಕ್ಕೆ ಒಂದು ಉಪಕಾರಕ್ಕೆ ಬರುತ್ತದೆ, ಹರಡುತ್ತದೆ. ಉಪಕಾರವೂ ಅಪಕಾರವೂ ಇಲ್ಲದ್ದು ಕೂಡ ಬರಿಯ ಅದೃಷ್ಟದಿಂದ ಹರಡಬಹುದು. ಗುಂಪು ಸಣ್ಣದಾದಷ್ಟೂ ಅದೃಷ್ಟದ ಆಟ ಜಾಸ್ತಿ.

ಅಂದರೆ ಬದಲಾವಣೆ ನಿಂತಿರುವ ಕ್ಷಣವೇ ಇಲ್ಲ. ಜಕ್ಕಲಿಯಲ್ಲಿ ಈ ವರ್ಷ ಹುಟ್ಟಿದ ಪ್ರತಿ ಮಂಗನ ಮರಿಯಲ್ಲೂ ಲೋಕದಲ್ಲಿ ಹಿಂದೆಂದೂ ಇಲ್ಲದಿದ್ದ ಅಕ್ಷರಗಳಿವೆ. ಆದರೂ ಅವೆಲ್ಲ ಬಾನೆಟ್ ಮಂಗಗಳೇ. ಬದಲಾವಣೆಯ ಮೊತ್ತವೇ ಪ್ರಭೇದದ ಅಳತೆಗೋಲು ಆಗಿದ್ದರೆ ಲೆಕ್ಕ ತಲೆಕೆಳಗಾಗುತ್ತಿತ್ತು. ರೀಸಸ್ ಮಂಗಗಳ ತಮ್ಮತಮ್ಮಲ್ಲಿನ ವೈವಿಧ್ಯ, ಭೂಮಿಯ ಮೇಲಿನ ಇಡೀ ಮಾನವಕುಲದ ವೈವಿಧ್ಯಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹಾಗಂತ ಅವುಗಳನ್ನು ಯಾರೂ ಎರಡು ಪ್ರಭೇದ ಮಾಡಿಲ್ಲ. ಆಗಿರುವ ಬದಲಾವಣೆ ಗುಂಪಿನಿಂದ ಗುಂಪಿಗೆ ಹಂಚಿಕೆಯಾಗುತ್ತಿದೆಯೋ ಇಲ್ಲವೋ, ಅದರ ಮೇಲೆ ಎಲ್ಲ ನಿಂತಿದೆ. ಹಂಚಿಕೆ ನಡೆಯುತ್ತಿರುವವರೆಗೆ ಎಷ್ಟು ಬದಲಾದರೂ ಎಲ್ಲ ಒಟ್ಟಿಗೇ ಬದಲಾಗುತ್ತಾರೆ. ಹಂಚಿಕೆ ನಿಂತರೆ ಎರಡು ಕಡೆಯ ತಪ್ಪುಗಳು ಬೇರೆ ಬೇರೆ ಕೂಡುತ್ತಾ ಹೋಗುತ್ತವೆ.

ಮಂಗಗಳಲ್ಲಿ ಈ ಹಂಚಿಕೆಯ ಕೆಲಸ ಮಾಡುವುದು ಹೆಚ್ಚಾಗಿ ಗಂಡು. ಹೆಣ್ಣು ಹುಟ್ಟಿದ ಗುಂಪಿನಲ್ಲೇ ಅಜ್ಜಿ, ತಾಯಿ, ಅಕ್ಕತಂಗಿಯರ ಜೊತೆ ಮುದಿಯಾಗುತ್ತದೆ. ಗಂಡು ಪ್ರಾಯಕ್ಕೆ ಬಂದ ಮೇಲೆ ಮನೆ ಬಿಡುತ್ತದೆ. ಊರಿಗೆ ಎಲ್ಲಿಂದಲೋ ಒಂಟಿ ಗಡವ ಬಂದು ಸೇರಿತು, ಇದ್ದ ಗಡವದ ಜೊತೆ ಕಚ್ಚಾಡಿತು ಎಂದು ಜನ ಹೇಳುತ್ತಾರಲ್ಲ, ಅದು ಮುಂದಿನೂರಿನ ಜೀನುಗಳು ನಮ್ಮೂರಿಗೆ ಬಂದ ಸುದ್ದಿ. ಪ್ರಯೋಗಾಲಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಜೀವಕೋಶದ ಮೈಟೊಕಾಂಡ್ರಿಯದಲ್ಲಿ ಪ್ರತ್ಯೇಕವಾಗಿ ಒಂದು ಪುಟ್ಟ ಡಿಎನ್‌ಎ ಇದೆ, ಸುಮಾರು ಹದಿನಾರೂವರೆ ಸಾವಿರ ಅಕ್ಷರದ್ದು. ಅದು ತಾಯಿಯಿಂದ ಮಾತ್ರ ಬರುತ್ತದೆ. ಹೆಣ್ಣು ಊರು ಬಿಡದ ಕಾರಣ ಮೈಟೊಕಾಂಡ್ರಿಯದ ಡಿಎನ್‌ಎ ಸೀಮೆಯಿಂದ ಸೀಮೆಗೆ ಬೇರೆಯಾಗಿ ಉಳಿಯುತ್ತದೆ. ಗಂಡು ಅಲೆಯುವ ಕಾರಣ ಉಳಿದ ಡಿಎನ್‌ಎ ಬೆರೆಯುತ್ತಿರುತ್ತದೆ. ತಾಯಿಯ ಗೆರೆ ಒಂದು ಕಥೆ, ಒಟ್ಟು ಜೀನುಗಳು ಇನ್ನೊಂದು ಕಥೆ ಹೇಳುವುದು ಇಲ್ಲಿಂದ. ಇದು ಮುಂದೆ ಬೇಕಾಗುತ್ತದೆ.

ಹಂಚಿಕೆ ನಿಲ್ಲುವುದಕ್ಕೆ ದೊಡ್ಡ ಪರ್ವತವೇ ಬೇಕೆಂದಿಲ್ಲ. ಸಿಂಗಳೀಕವನ್ನು ತೆಗೆದುಕೊಳ್ಳಿ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರದ ಮೇಲ್ತುದಿ ಬಿಟ್ಟು ಇಳಿಯಲು ಒಲ್ಲದ ಪ್ರಾಣಿ. ಶಿರಸಿ–ಹೊನ್ನಾವರದ ಕಾಡಿನಲ್ಲಿ ಅದಕ್ಕಾಗಿಯೇ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಘಟ್ಟ ಉದ್ದಕ್ಕೂ ಒಂದೇ ಸಾಲಾಗಿಲ್ಲ. ಕೇರಳ–ತಮಿಳುನಾಡಿನ ನಡುವೆ ಪಾಲಕ್ಕಾಡ್ ಕಣಿವೆಯಲ್ಲಿ 30–40 ಕಿಲೋಮೀಟರ್ ಅಗಲಕ್ಕೆ ಬೆಟ್ಟ ಕಡಿದುಹೋಗಿ ಬಯಲು ಬಿದ್ದಿದೆ. ಮನುಷ್ಯನಿಗೆ ಅದು ರೈಲು ಹೋಗುವ ಅನುಕೂಲದ ದಾರಿ. ಸಿಂಗಳೀಕಕ್ಕೆ ದಾಟಲಾಗದ ಸಮುದ್ರ. ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳ ಡಿಎನ್‌ಎ ಅಧ್ಯಯನದ ಪ್ರಕಾರ ಕಣಿವೆಯ ಉತ್ತರದ ಮತ್ತು ದಕ್ಷಿಣದ ಸಿಂಗಳೀಕಗಳು ಬೇರೆಯಾಗಿ ಸುಮಾರು 20 ಲಕ್ಷ ವರ್ಷವಾಗಿದೆ. ಕಣ್ಣಿಗೆ ಎರಡೂ ಒಂದೇ: ಅದೇ ಕೇಸರ, ಅದೇ ಕರಿ ಮೈ. ಒಳಗೆ ಎರಡು ದಾರಿ ಹಿಡಿದಿವೆ. ಇವನ್ನು ಎರಡು ಪ್ರಭೇದ ಅನ್ನಬೇಕೇ? ಸದ್ಯಕ್ಕೆ ಅನ್ನುವುದಿಲ್ಲ. ಇಷ್ಟು ಕಾಲ ಬೇರೆಯಾಗಿದ್ದದ್ದು ಪ್ರಭೇದವಾಗುವ ದಾರಿಯಲ್ಲಿದೆ ಎಂದರೆ ತಪ್ಪಾಗದು.

ಈಗ ಕಗ್ಗಂಟಿನ ಭಾಗ. ಬೇರೆಯಾಗಿದ್ದವು ಮತ್ತೆ ಭೇಟಿಯಾದರೆ ಯಾಕೆ ಕೂಡಿಬರುವುದಿಲ್ಲ? ಎರಡು ಕಡೆಯೂ ಆರೋಗ್ಯವಾಗಿದ್ದ ಪ್ರಾಣಿಗಳೇ; ಅವುಗಳ ಮರಿಯಲ್ಲಿ ಕೆಡುಕು ಎಲ್ಲಿಂದ ಬಂತು? ಜಕ್ಕಲಿಯ ಬಡಿಗೇರರ ಕೆಲಸ ನೆನೆಸಿಕೊಳ್ಳಿ. ಕುಂಟೆಯ ದಿಂಡಿಗೆ ತೂತು ಕೊರೆದು ತಾಳು ಬಡಿಯುತ್ತಾರೆ. ಒಂದೂರಿನ ಬಡಿಗೇರರು ತಲೆಮಾರಿನಿಂದ ತಲೆಮಾರಿಗೆ ತಾಳನ್ನು ತುಸು ದಪ್ಪ ಮಾಡುತ್ತಾ, ಅದಕ್ಕೆ ಹೊಂದುವಂತೆ ತೂತನ್ನೂ ಅಗಲ ಮಾಡುತ್ತಾ ಬಂದರು ಅನ್ನಿ. ಇನ್ನೊಂದೂರಿನವರು ತಾಳನ್ನು ತೆಳ್ಳಗೆ ಮಾಡಿ ತೂತು ಕಿರಿದು ಮಾಡಿದರು. ಎರಡೂರಿನ ಕುಂಟೆಯೂ ಹೊಲದಲ್ಲಿ ಗಟ್ಟಿ. ಇವರ ತಾಳನ್ನು ಅವರ ದಿಂಡಿಗೆ ಹಾಕಿದರೆ ಮಾತ್ರ ಒಂದೋ ಹೊಗುವುದಿಲ್ಲ, ಇಲ್ಲವೋ ಅಲುಗಾಡಿ ಕಳಚುತ್ತದೆ. ಯಾರೂ ಕೆಟ್ಟ ಕೆಲಸ ಮಾಡಿಲ್ಲ. ಇವರ ಬದಲಾವಣೆಯನ್ನು ಅವರ ಬದಲಾವಣೆಯ ಎದುರು ಯಾರೂ ಹಿಡಿದು ನೋಡಿರಲಿಲ್ಲ, ಅಷ್ಟೇ. ಜೀನುಗಳೂ ಒಂದರೊಡನೊಂದು ಹೊಂದಿ ಕೆಲಸ ಮಾಡುವವು. 1930ರ ದಶಕದಲ್ಲಿ ಥಿಯೊಡೋಸಿಯಸ್ ಡಾಬ್‌ಜಾನ್‌ಸ್ಕಿ ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡಿ ಈ ವಿಚಾರವನ್ನು ಗಟ್ಟಿ ಮಾಡಿದರು. ಹಾಗಾಗಿ ಹೊಸ ಪ್ರಭೇದ ಹುಟ್ಟಲು ಒಂದು ಮಹಾ ಬದಲಾವಣೆ ಬೇಕಿಲ್ಲ. ಬೇರೆ ಬೇರೆ ಮನೆಯಲ್ಲಿ ಆದ ಸಣ್ಣ ಸಣ್ಣ ಬದಲಾವಣೆಗಳು ಎದುರುಬದುರಾದಾಗ ಹೊಂದದಿದ್ದರೆ ಸಾಕು.

ಹೊಂದಿಕೆ ಕೆಡುವುದು ಮೊದಲು ಗೊತ್ತಾಗುವುದು ಗಂಡು ಮರಿಗಳಲ್ಲಿ. ಸಸ್ತನಿಗಳ ಗಂಡಿಗೆ ಎಕ್ಸ್ ಒಂದು, ವೈ ಒಂದು. ಎಕ್ಸ್ ವರ್ಣತಂತುವಿನಲ್ಲಿ ಹೊಂದದ ಜೀನ್ ಬಂದರೆ ಅದನ್ನು ಮರೆಮಾಡಲು ಇನ್ನೊಂದು ಎಕ್ಸ್ ಇಲ್ಲ. ಅದಕ್ಕೇ ಮಿಶ್ರಸಂತಾನದಲ್ಲಿ ಹೆಣ್ಣು ಚೆನ್ನಾಗಿದ್ದು ಗಂಡಿಗೆ ಸಂತಾನಶಕ್ತಿ ಇಲ್ಲದಾಗುವುದು ಹೆಚ್ಚು. ಇದನ್ನು ನಿಯಮವಾಗಿ ಹೇಳಿದವರು ಜೆ.ಬಿ.ಎಸ್. ಹಾಲ್ಡೇನ್, 1922ರಲ್ಲಿ. ಇಂಗ್ಲೆಂಡ್ ಬಿಟ್ಟು 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್.

ವರ್ಣತಂತುಗಳೇ ಮುರಿದು ಕೂಡಿಕೊಳ್ಳುವುದೂ ಉಂಟು. ಮನುಷ್ಯನಿಗೆ 46, ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 48. ನಮ್ಮ ಪೂರ್ವಜರಲ್ಲಿ ಎರಡು ವರ್ಣತಂತುಗಳು ತುದಿಗೆ ತುದಿ ಸೇರಿ ಒಂದಾದವು. ತುದಿಯಲ್ಲಿ ಮಾತ್ರ ಇರಬೇಕಾದ ಡಿಎನ್‌ಎ ನಮ್ಮ ಎರಡನೇ ವರ್ಣತಂತುವಿನ ನಡುವೆ ಸಿಕ್ಕಿದ್ದು 1991ರಲ್ಲಿ. ಅಸ್ಸಾಂ ಕಡೆಯ ಹೂಲಾಕ್ ಗಿಬ್ಬನ್‌ಗೆ 38, ಅದರ ಆಗ್ನೇಯ ಏಷ್ಯಾದ ನೆಂಟರಿಗೆ 44, 50, 52. ಗಿಬ್ಬನ್‌ಗಳ ವರ್ಣತಂತುಗಳು ಚೂರುಚೂರಾಗಿ ಮರುಜೋಡಣೆಯಾಗಿರುವುದು ವಾನರಕುಲದಲ್ಲೇ ವಿಪರೀತ. ಇಷ್ಟು ಓದಿ ವರ್ಣತಂತುಗಳ ಸಂಖ್ಯೆ ಬದಲಾಗದೆ ಪ್ರಭೇದ ಬೇರೆಯಾಗದು ಎಂದು ತೀರ್ಮಾನಿಸುವವರಿದ್ದಾರೆ. ಅದು ಸರಿಯಲ್ಲ. ಮಕಾಕ್ ಕುಲದಲ್ಲಿ 20ಕ್ಕೂ ಹೆಚ್ಚು ಪ್ರಭೇದಗಳಿವೆ, ಎಲ್ಲಕ್ಕೂ 42. ನಮ್ಮ ಮಂಗ್ಯಾನಿಗೂ ಸಿಂಗಳೀಕಕ್ಕೂ ಲೆಕ್ಕ ಒಂದೇ. ಆದರೂ ಶಿರಸಿ ಕಡೆ ಒಂದೇ ಘಟ್ಟದಲ್ಲಿದ್ದು, ಒಂದು ರಸ್ತೆ ಬದಿ ಕಾಯುತ್ತ, ಇನ್ನೊಂದು ಮರದ ತುದಿ ಬಿಡದೆ, ಬೇರೆಯಾಗಿಯೇ ಬದುಕುತ್ತವೆ.

ಇಲ್ಲಿಯವರೆಗೆ ಹೇಳಿದ್ದು ಕೇಳಿದರೆ ಗೆರೆ ಎಳೆದಂತೆ ಒಂದು ಎರಡಾಗುತ್ತದೆ ಅನ್ನಿಸೀತು. ಮುಸ್ಯಾನ ವಿಷಯಕ್ಕೆ ಬಂದರೆ ಆ ಸಮಾಧಾನ ಉಳಿಯುವುದಿಲ್ಲ.

ಹಿಮಾಲಯದಿಂದ ಶ್ರೀಲಂಕಾದವರೆಗೆ ಇರುವ ಹನುಮಾನ್ ಲಂಗೂರುಗಳನ್ನು ಬಹುಕಾಲ ಒಂದೇ ಪ್ರಭೇದ ಎನ್ನುತ್ತಿದ್ದರು. 2001ರಲ್ಲಿ ವರ್ಗೀಕರಣ ತಜ್ಞ ಕಾಲಿನ್ ಗ್ರೋವ್ಸ್ ಅದನ್ನು ಏಳು ಮಾಡಿದರು. ಆಮೇಲೆ ಬಂದವರು ಕೂಡಿಸಿದರು, ಕಳೆದರು. ಪುಸ್ತಕದಿಂದ ಪುಸ್ತಕಕ್ಕೆ ಸಂಖ್ಯೆ ಇವತ್ತಿಗೂ ಹೊಂದುವುದಿಲ್ಲ. ಇದಕ್ಕೂ ಮೊದಲೇ ಪ್ರಾಣಿಶಾಸ್ತ್ರಜ್ಞ ಎಂ.ಎಲ್. ರೂನ್ವಾಲ್ ಒಂದು ಸರಳ ಗುರುತು ಹೇಳಿದ್ದರು: ನಡೆಯುವಾಗ ಬಾಲ ನೋಡಿ. ಉತ್ತರದ ಲಂಗೂರುಗಳು ಬಾಲವನ್ನು ಬೆನ್ನಿನ ಮೇಲೆ ತಲೆಯ ಕಡೆಗೆ ಬಾಗಿಸುತ್ತವೆ. ದಕ್ಷಿಣದವು ಹಿಂದಕ್ಕೆ ಬಾಗಿಸುತ್ತವೆ. ಗಡಿ ಸುಮಾರಾಗಿ ತಾಪಿ ಮತ್ತು ಗೋದಾವರಿ. ಜಕ್ಕಲಿಯ ಮುಸ್ಯಾ ಕಾಂಪೌಂಡ್ ಗೋಡೆಯ ಮೇಲೆ ನಡೆದು ಹೋಗುವಾಗ ಬಾಲದ ಕೊಕ್ಕೆ ಯಾವ ಕಡೆ ತಿರುಗಿದೆ ನೋಡಿ, ಹಿಂದಕ್ಕೆ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೀಣ್ ಕಾರಂತ್ ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಲಂಗೂರುಗಳ ಡಿಎನ್‌ಎ ಹಿಂದೆ ಬಿದ್ದರು. ಬಾಲದ ಗೆರೆಗೆ ಡಿಎನ್‌ಎಯೂ ಬಹುಮಟ್ಟಿಗೆ ಒಪ್ಪಿಗೆ ಕೊಟ್ಟಿತು.

ಈ ಕೆಲಸಕ್ಕೆ ಪ್ರಾಣಿಯನ್ನು ಹಿಡಿಯಬೇಕಿಲ್ಲ, ಸೂಜಿ ಚುಚ್ಚಬೇಕಿಲ್ಲ. ಹಿಂಡು ಬೆಳಗ್ಗೆ ಮರದಿಂದ ಇಳಿದು ಹೋದ ಮೇಲೆ ಬುಡದಲ್ಲಿ ಬಿದ್ದಿರುವ ಹಸಿ ಮಲವೇ ಸಾಕು. ಕರುಳು ದಾಟಿ ಬರುವಾಗ ಕರುಳಿನ ಒಳಗೋಡೆಯ ಜೀವಕೋಶಗಳು ಅದಕ್ಕೆ ಅಂಟಿಕೊಂಡು ಬಂದಿರುತ್ತವೆ. ಅದನ್ನು ಕೆಡದಂತೆ ಆಲ್ಕೋಹಾಲಿನಲ್ಲಿ ಹಾಕಿ ತಂದು, ಜೀವಕೋಶ ಒಡೆದು, ಡಿಎನ್‌ಎ ಬೇರ್ಪಡಿಸಿ, ಬೇಕಾದ ಒಂದು ಜೀನನ್ನು ಪಿಸಿಆರ್ ಯಂತ್ರದಲ್ಲಿ ಕೋಟಿಗಟ್ಟಲೆ ಪ್ರತಿ ಮಾಡಿ ಓದುತ್ತಾರೆ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಪಿಸಿಆರ್ ಹೆಸರು ಗೊತ್ತು, ಯಂತ್ರ ಅದೇ. ಬಳಿಕ ಬೇರೆ ಬೇರೆ ಊರಿನ ಪ್ರಾಣಿಗಳ ಅಕ್ಷರಸಾಲುಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲಿ ಎಷ್ಟು ತಪ್ಪು ಹಂಚಿಕೊಂಡಿವೆ ಎಂದು ಎಣಿಸಿ ವಂಶವೃಕ್ಷ ಕಟ್ಟುತ್ತಾರೆ.

ಹಾಗೆ ಕಟ್ಟಿದ ವೃಕ್ಷಗಳಲ್ಲಿ ಎರಡು ಅಚ್ಚರಿ ಇದ್ದವು. ಕೊಡಗಿನವರೆಗೆ ಬರುವ ನೀಲಗಿರಿ ಲಂಗೂರ್, ಅಂದರೆ ಕರಿ ಮುಸುವ, ಮೊದಲು ಆಗ್ನೇಯ ಏಷ್ಯಾದ ಲಂಗೂರುಗಳ ಕುಲಕ್ಕೆ ಸೇರಿಸಲ್ಪಟ್ಟಿತ್ತು. ಡಿಎನ್‌ಎ ಅದನ್ನು ನಮ್ಮ ಮುಸ್ಯಾನ ಮನೆಗೇ ತಂದು ಸೇರಿಸಿತು. ಇವೆರಡೂ ಎದುರಾಗುವ ಕಾಡುಗಳಲ್ಲಿ ಮಿಶ್ರಸಂತಾನವೂ ಕಂಡಿದೆ. ಎರಡನೆಯದು ಅಸ್ಸಾಂ ಮತ್ತು ಭೂತಾನದ ಹೊಂಬಣ್ಣದ ಲಂಗೂರ್ ಮತ್ತು ಅದರ ನೆಂಟ ಟೋಪಿ ಲಂಗೂರ್. ಇವುಗಳ ಮೈಟೊಕಾಂಡ್ರಿಯ, ಅಂದರೆ ತಾಯಿಯ ಗೆರೆ, ನಮ್ಮ ಮುಸ್ಯಾನ ಕುಲದ್ದು. ಉಳಿದ ಜೀನುಗಳು ಆಗ್ನೇಯ ಏಷ್ಯಾದ ಕುಲದವು. ಹಿಂದೆಂದೋ ಎರಡು ಕುಲಗಳು ಎದುರಾದಾಗ ಪೂರ್ವದ ಗಂಡುಗಳು ಮುಸ್ಯಾ ಕುಲದ ಹೆಣ್ಣುಗಳ ಜೊತೆ ಕೂಡಿದವು, ಅವುಗಳ ಮಕ್ಕಳು ಮತ್ತೆ ಮತ್ತೆ ಪೂರ್ವದವರೊಡನೆಯೇ ಕೂಡಿದರು, ತವರಿನ ಗುರುತಾಗಿ ಮೈಟೊಕಾಂಡ್ರಿಯವೊಂದು ಉಳಿಯಿತು ಎಂಬುದು ಇದಕ್ಕೆ ಹೊಂದುವ ವಿವರಣೆ. ಗಡವ ಅಲೆಯುತ್ತದೆ, ಹೆಣ್ಣು ಮನೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಇದು ಒಂದೆರಡರ ಕಥೆಯಲ್ಲ. ಈಶಾನ್ಯ ಭಾರತದಲ್ಲೂ ಇರುವ ಮೋಟುಬಾಲದ ಮಕಾಕ್ ಒಂದು ಕಡೆ ಬಾನೆಟ್ ಮಂಗ ಸೇರಿರುವ ಬಳಗದ್ದು, ಇನ್ನೊಂದು ಕಡೆ ರೀಸಸ್ ಸೇರಿರುವ ಬಳಗದ್ದು. ಎರಡೂ ಬೆರೆತು ಹುಟ್ಟಿದ ಪ್ರಭೇದ ಎಂಬುದಕ್ಕೆ ಡಿಎನ್‌ಎ ಸಾಕ್ಷಿ ಇದೆ. ಚೀನಾದ ಬೂದು ಬಣ್ಣದ ಮೊಂಡುಮೂಗಿನ ಕೋತಿಯೂ ಎರಡು ಪ್ರಭೇದಗಳ ಬೆರಕೆಯಿಂದಲೇ ಹುಟ್ಟಿದ್ದು ಎಂದು 2023ರಲ್ಲಿ ತಿಳಿಯಿತು. ಒಂದು ಎರಡಾಗುವಂತೆಯೇ ಎರಡು ಸೇರಿ ಮೂರನೆಯದೂ ಆಗಬಹುದು.

ಬೆರಕೆಗೆ ತಕ್ಷಣದ ಶಿಕ್ಷೆ ಇಲ್ಲದಿದ್ದರೂ ನಿಧಾನದ ಲೆಕ್ಕ ಇರುತ್ತದೆ. ಕೆನ್ಯಾದ ಅಂಬೊಸೆಲಿಯಲ್ಲಿ 1971ರಿಂದ ಬಬೂನ್‌ಗಳನ್ನು ಹೆಸರಿಟ್ಟು ಗಮನಿಸುತ್ತಿದ್ದಾರೆ. ಅಲ್ಲಿ ಹಳದಿ ಬಬೂನ್ ಮತ್ತು ಅನೂಬಿಸ್ ಬಬೂನ್ ಬೆರೆಯುತ್ತವೆ. ಮಿಶ್ರಸಂತಾನ ನೋಡಲು ಗಟ್ಟಿಮುಟ್ಟು, ಮರಿ ಹಾಕುವುದರಲ್ಲೂ ಹಿಂದೆ ಬಿದ್ದಿಲ್ಲ. ಆದರೆ 2022ರಲ್ಲಿ ಅವುಗಳ ಜೀನುಗಳನ್ನೆಲ್ಲ ಓದಿ ನೋಡಿದಾಗ, ಮುಖ್ಯ ಕೆಲಸದ ಜಾಗಗಳಿಂದ ಪರಕೀಯ ಡಿಎನ್‌ಎ ತಲೆಮಾರುಗಳಲ್ಲಿ ಮೆಲ್ಲಗೆ ಸೋರಿಹೋಗಿರುವುದು ಕಂಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ತೊಂದರೆ, ಸಾವಿರಾರು ವರ್ಷಕ್ಕೆ ದೊಡ್ಡ ಜರಡಿ. ನಮ್ಮಲ್ಲೂ ಅದೇ ಆಗಿದೆ. ಆಫ್ರಿಕಾದ ಹೊರಗಿನ ಎಲ್ಲರಲ್ಲೂ, ಜಕ್ಕಲಿಯವರನ್ನೂ ಸೇರಿಸಿ, ಶೇಕಡಾ 2ರ ಆಸುಪಾಸು, ಅಳಿದುಹೋದ ನಿಯಾಂಡರ್ತಾಲ್ ಮಾನವರ ಡಿಎನ್‌ಎ ಇದೆ ಎಂದು 2010ರಲ್ಲಿ ಸ್ವಾಂಟೆ ಪಾಬೊ ತಂಡ ತೋರಿಸಿತು. ಎಕ್ಸ್ ವರ್ಣತಂತುವಿನಲ್ಲಿ ಮಾತ್ರ ಅದು ಬಹಳ ಕಡಿಮೆ. ಹಾಲ್ಡೇನ್ ಬೆರಳು ತೋರಿಸಿದ ಜಾಗವೂ ಅದೇ.

ಇನ್ನು ನಮ್ಮ ಬಾಗಿಲಿಗೆ ಬಂದಿರುವ ಸಂಗತಿ. ಬಾನೆಟ್ ಮಂಗ ದಕ್ಷಿಣ ಭಾರತ ಬಿಟ್ಟರೆ ಲೋಕದಲ್ಲಿ ಎಲ್ಲೂ ಸಹಜವಾಗಿ ಇಲ್ಲ. ಅದರ ಉತ್ತರಕ್ಕೆ ರೀಸಸ್ ಮಂಗ. ಇವೆರಡರ ನಡುವಿನ ಗಡಿಯೂ ಹಿಂದೆ ತಾಪಿ–ಗೋದಾವರಿಯ ಸುತ್ತಲೇ ಇತ್ತು. ಪ್ರಾಣಿಶಾಸ್ತ್ರಜ್ಞರಾದ ಜ್ಯಾಕ್ ಫೂಡನ್, ಮಹಾಬಲ್ ಮತ್ತು ಸಹಾ ಅದನ್ನು 1981ರಲ್ಲಿ ಮತ್ತೊಮ್ಮೆ ಗುರುತಿಸಿದರು. 2011ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ನೋಡಿದಾಗ ರೀಸಸ್ ಗಡಿ ದಾಟಿ ದಕ್ಷಿಣಕ್ಕೆ ಬಂದಿತ್ತು, ಬಾನೆಟ್ ಮಂಗದ ಜಾಗ ಹಿಂದಕ್ಕೆ ಸರಿದಿತ್ತು. ಎರಡೂ ಕೂಡಿದ ಗುಂಪುಗಳೂ ಸಿಕ್ಕಿದವು. ಅಂದರೆ 30 ಲಕ್ಷ ವರ್ಷಗಳ ಸುಮಾರಿಗೆ ಬೇರೆಯಾದ ಎರಡು ಬಳಗಗಳು ಮತ್ತೆ ಎದುರುಬದುರಾಗಿವೆ. ಎರಡರ ಜನನಾಂಗದ ರಚನೆಯೇ ಬೇರೆ ಎಂದು ಫೂಡನ್ 1980ರಲ್ಲೇ ಬರೆದಿದ್ದರು. ಆದರೆ ಅದೊಂದೇ ಗೋಡೆಯಾಗದು ಎಂದು ಮೋಟುಬಾಲದ ಮಕಾಕ್ ಹೇಳುತ್ತಿದೆಯಲ್ಲ.

ರೀಸಸ್ ತಾನಾಗಿ ನಡೆದು ಬಂದದ್ದೆಷ್ಟು, ನಾವು ತಂದು ಬಿಟ್ಟದ್ದೆಷ್ಟು ಎಂಬುದರಲ್ಲಿ ಎರಡನೆಯದನ್ನು ಕಡೆಗಣಿಸುವಂತಿಲ್ಲ. ಕಾಟ ತಾಳಲಾರದೆ ಪಂಚಾಯಿತಿಯವರು ಮಂಗ ಹಿಡಿಯುವವರನ್ನು ಕರೆಸುತ್ತಾರೆ, ಬೋನಿಗೆ ಹಾಕಿ ಟೆಂಪೋದಲ್ಲಿ ಒಯ್ದು ದೂರದ ಗುಡ್ಡದಲ್ಲೋ ಇನ್ನೊಂದು ಊರ ಹೊರಗೋ ಬಿಡಿಸುತ್ತಾರೆ. ನದಿ ಲಕ್ಷಾಂತರ ವರ್ಷ ಕಾದ ಗಡಿಯನ್ನು ಡೀಸೆಲ್ ಗಾಡಿ ಒಂದು ರಾತ್ರಿಯಲ್ಲಿ ದಾಟಿಸುತ್ತದೆ. ಬಿಟ್ಟ ಜಾಗದಲ್ಲಿ ಅವುಗಳಿಗೆ ತಿನ್ನಲಿಕ್ಕೆ ಏನೂ ಇರುವುದಿಲ್ಲ, ಮತ್ತೆ ಹತ್ತಿರದ ಊರಿಗೇ ಬರುತ್ತವೆ. ಕಾಟ ವರ್ಗವಾಯಿತೇ ಹೊರತು ಕಡಿಮೆಯಾಗಲಿಲ್ಲ.

ಕಾನೂನಿಗೂ ಈ ವ್ಯತ್ಯಾಸ ಬೇಕು. 2022ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಿಂದ ರೀಸಸ್ ಮಂಗವನ್ನು ಕೈಬಿಡಲಾಗಿದೆ. ಬಾನೆಟ್ ಮಂಗ ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಯಲ್ಲಿದೆ. ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲೂ ಅದೀಗ ಅಪಾಯಕ್ಕೆ ಈಡಾಗಬಲ್ಲ ಪ್ರಾಣಿ. ಎರಡರ ಬೆರಕೆ ಮರಿ ಹುಟ್ಟಿದರೆ ಯಾವ ಪಟ್ಟಿ? ಕಾಯ್ದೆ ಬರೆದವರು ಪ್ರಭೇದಗಳನ್ನು ಖಾತೆ ಉತಾರದಂತೆ ಎಣಿಸಿದ್ದಾರೆ; ಮಂಗಗಳು ಆ ಉತಾರ ಓದಿಲ್ಲ.

ಹಾಗಾಗಿ ಊರಲ್ಲಿ ಮಂಗ ಹಿಡಿಸುವ ಮಾತು ಬಂದಾಗ ಮೊದಲು ಯಾವ ಮಂಗ ಎಂದು ನೋಡಿಕೊಳ್ಳಬೇಕು. ಗುರುತು ಕಷ್ಟವಲ್ಲ. ಬಾಲ ಮೈಗಿಂತ ಉದ್ದವಿದ್ದು, ನೆತ್ತಿಯ ಕೂದಲು ನಡುವಿನಿಂದ ಸುತ್ತಲೂ ಇಳಿಬಿದ್ದಿದ್ದರೆ ಅದು ನಮ್ಮದೇ ಬಾನೆಟ್. ಬಾಲ ಮೈಯ ಅರ್ಧಕ್ಕೂ ಬಾರದೆ, ನೆತ್ತಿಯಲ್ಲಿ ಟೋಪಿ ಇಲ್ಲದೆ ಕೂದಲು ಹಿಂದಕ್ಕೆ ಬಾಚಿದಂತಿದ್ದು, ಸೊಂಟದಿಂದ ಕೆಳಗೆ ಕಿತ್ತಳೆಗೆಂಪು ಬಣ್ಣ ಇದ್ದರೆ ರೀಸಸ್. ಬಾಲ ನಡುವಳತೆಯದು, ಟೋಪಿ ಇದೆಯೋ ಇಲ್ಲವೋ ಎಂಬಂತಿದ್ದರೆ ಪಕ್ಕದಿಂದ ಒಂದು, ನೆತ್ತಿ ಕಾಣುವಂತೆ ಒಂದು ಫೋಟೋ ತೆಗೆದು, ಊರು ಮತ್ತು ತಾರೀಖು ಬರೆದು ಅರಣ್ಯ ಇಲಾಖೆಯವರಿಗೆ ಕೊಡಿ. ಅನುಮತಿಯಿಲ್ಲದೆ ಹಿಡಿಸುವುದು ಬಾನೆಟ್ ವಿಷಯದಲ್ಲಿ ಅಪರಾಧ. ಅನುಮತಿ ಸಿಕ್ಕರೂ ಎಲ್ಲಿಂದ ತಂದದ್ದನ್ನು ಎಲ್ಲಿ ಬಿಟ್ಟರು ಎಂದು ಠರಾವಿನಲ್ಲಿ ಬರೆಸಿ. ರಾಯಚೂರು, ಕಲಬುರ್ಗಿ ಕಡೆಯಿಂದ ಬಂದ ಗಾಡಿ ಗಜೇಂದ್ರಗಡದ ಗುಡ್ಡದಲ್ಲಿ ಬೋನು ತೆರೆಯುತ್ತಿದ್ದರೆ ಒಳಗೆ ಕೂತವುಗಳ ಬಾಲ ನೋಡದೆ ಬಿಡಿಸಲು ಬಿಡಬೇಡಿ.